ಪಾಲಿಯಾ ಪೆರಿಥಿಯಾ: ಕೊರ್ಫುವಿಗೆ ಹೋದರೆ ಈ ಬೆಟ್ಟದೂರನ್ನು ಬಿಡಬೇಡಿ

ಗ್ರೀಸ್‌ನ ಕೊರ್ಫು ದ್ವೀಪಕ್ಕೆ ಹೋಗುವವರೆಲ್ಲ ಬೀಚ್‌ಗಾಗಿಯೇ ಹೋಗುತ್ತಾರೆ. ಹೋಗಲಿ ಬಿಡಿ. ಆದರೆ ಒಂದು ದಿನ ಮಾತ್ರ ಉತ್ತರದ ಪಾಂಟೊಕ್ರಾಟೊರ್ ಬೆಟ್ಟಕ್ಕೆ ಎತ್ತಿಡಿ. ಅಲ್ಲಿ ಪಾಲಿಯಾ ಪೆರಿಥಿಯಾ ಅಂತ ಒಂದು ಊರಿದೆ. ಸುಮಾರು 130 ಕಲ್ಲಿನ ಮನೆಗಳು, 8 ಚರ್ಚುಗಳು. ವಾಸಕ್ಕೆ ಮಾತ್ರ ಬೆರಳೆಣಿಕೆಯ ಜನ.

ಕಡಲ್ಗಳ್ಳರ ಕಾಟಕ್ಕೆ ಹೆದರಿ, ಸಮುದ್ರದಿಂದ ಕಣ್ಣಿಗೆ ಬೀಳದ ಹಾಗೆ ಬೆಟ್ಟದ ಮರೆಯಲ್ಲಿ ಕಟ್ಟಿಕೊಂಡ ಊರು ಇದು. ದ್ವೀಪ 1386ರಿಂದ 1797ರವರೆಗೆ ವೆನಿಸ್‌ನವರ ಕೈಯಲ್ಲಿತ್ತು. ಮನೆಗಳ ಕಟ್ಟಡದಲ್ಲೂ ಆ ಛಾಯೆ ಕಾಣುತ್ತದೆ. 1960ರ ದಶಕದಿಂದ ಕರಾವಳಿಯಲ್ಲಿ ಹೋಟೆಲುಗಳು ಎದ್ದವು, ಕೆಲಸ ಹುಡುಕಿಕೊಂಡು ಜನ ಕೆಳಗಿಳಿದರು. ತಮಾಷೆ ನೋಡಿ, ಊರು ಖಾಲಿಯಾಗಿದ್ದೂ ಪ್ರವಾಸಿಗರಿಂದ, ಈಗ ಅಲ್ಲಿ ಒಲೆ ಉರಿಯುತ್ತಿರುವುದೂ ಪ್ರವಾಸಿಗರಿಂದಲೇ.

ಅಥೆನ್ಸ್‌ನಿಂದ ಕೊರ್ಫುವಿಗೆ ವಿಮಾನದಲ್ಲಿ ಒಂದು ಗಂಟೆ. ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು, ಅದಕ್ಕೆ ಕನಿಷ್ಠ 30,000 ಯೂರೋಗಳ ಪ್ರಯಾಣ ವಿಮೆ ಕಡ್ಡಾಯ. ಕೊರ್ಫು ಪಟ್ಟಣದಿಂದ ಉತ್ತರ ಕರಾವಳಿಯ ಕಾಸಿಯೋಪಿ ಊರಿನವರೆಗೆ ಹಸಿರು ಬಸ್ಸುಗಳಿವೆ. ಮುಂದೆ ಬಸ್ ನೆಚ್ಚಿಕೊಳ್ಳಬೇಡಿ, ಟ್ಯಾಕ್ಸಿ ಮಾಡಿ. ಬಾಡಿಗೆ ಕಾರು ಓಡಿಸುವುದಾದರೆ ಇಲ್ಲಿಂದ ಹೊರಡುವ ಮೊದಲೇ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ಬಲಬದಿ ಓಡಿಸಬೇಕು. ಲೂತ್ಸೆಸ್ ಹಳ್ಳಿಯ ಕಡೆಯಿಂದ ಹತ್ತುವ ರಸ್ತೆ ಕಿರಿದು, ತಿರುವು ಜಾಸ್ತಿ. ಸಣ್ಣ ಕಾರೇ ಒಳ್ಳೇದು. ಊರ ಅಂಚಿನಲ್ಲಿ ಕಾರು ನಿಲ್ಲಿಸಿ ನಡೆಯಿರಿ.

ನಡೆಯುವಾಗ ಅವಸರ ಬೇಡ. ಒಂದು ಮನೆಗೆ ಹೊಸ ಹೆಂಚು, ನೀಲಿ ಬಣ್ಣದ ಕಿಟಕಿ, ಮುಂದೆ ಹೂಕುಂಡ. ಪಕ್ಕದ ಮನೆಗೆ ಸೂರೇ ಇಲ್ಲ. ಒಳಗೆ ಬೆಳೆದ ಅಂಜೂರದ ಮರ ಕಿಟಕಿಯಿಂದ ಕೊಂಬೆ ಚಾಚಿದೆ. ಊರು ಸರ್ಕಾರದ ರಕ್ಷಣೆಯಲ್ಲಿದೆ, ಹಾಗಾಗಿ ಮನಸ್ಸಿಗೆ ಬಂದಂತೆ ಕಟ್ಟುವ ಹಾಗಿಲ್ಲ. ಹಳೇ ಮನೆಗಳ ಇನ್ನೊಂದು ತೊಡಕು ವಾರಸುದಾರರದ್ದು. ಒಂದೊಂದು ಮನೆಗೆ ಹತ್ತಾರು ಪಾಲುದಾರರು, ಅವರಲ್ಲಿ ಕೆಲವರು ದೇಶದಲ್ಲೇ ಇಲ್ಲ. ಪಾಲಿನ ಜಗಳದಲ್ಲಿ ಬೀಗ ಬಿದ್ದ ನಮ್ಮೂರಿನ ತೊಟ್ಟಿಮನೆಗಳ ಕಥೆಯೇ, ಅಲ್ವಾ? ಬಿದ್ದ ಗೋಡೆಗಳ ಒಳಗೆ ಫೋಟೋಗಾಗಿ ನುಗ್ಗಬೇಡಿ. ಕಲ್ಲು ಸಡಿಲ, ಮೇಲಾಗಿ ಅದು ಯಾರದೋ ಆಸ್ತಿ.

ಊರಿಗೆ ಜೀವ ಬಂದಿರುವುದು ಅಲ್ಲಿನ ನಾಲ್ಕಾರು ತವೆರ್ನಾಗಳಿಂದ, ಅಂದರೆ ಮನೆಯವರೇ ನಡೆಸುವ ಊಟದ ಹೋಟೆಲುಗಳಿಂದ. ಸುಮ್ನೆ ಸೆಲ್ಫಿ ತೆಗೆದುಕೊಂಡು ವಾಪಸ್ ಬಂದರೆ ಊರಿಗೇನು ಸಿಕ್ಕಿತು? ಕೂತು ಊಟ ಮಾಡಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ತ್ಸಿಗಾರೆಲಿ ಕೇಳಿ: ಬೆಟ್ಟದ ಸೊಪ್ಪನ್ನು ಎಣ್ಣೆ, ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ ಹಾಕಿ ಬೇಯಿಸುತ್ತಾರೆ. ಗ್ರೀಸ್‌ನಲ್ಲಿ ಖಾರ ಅಪರೂಪ, ಆದರೆ ಕೊರ್ಫುವಿನಲ್ಲಿ ಸಿಗುತ್ತದೆ. ದೊಡ್ಡ ಬಿಳಿ ಅವರೆಯಂಥ ಗಿಗಾಂತೆಸ್ ಕಾಳು, ತರಕಾರಿಯ ಬ್ರಿಯಾಮ್ ಕೂಡ ಚೆನ್ನಾಗಿರುತ್ತವೆ. ‘ನಿಸ್ತಿಸಿಮೊ’ ಅಂದರೆ ಅವರ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಚಿಪ್ಪುಮೀನು ಮಾತ್ರ ಇರಬಹುದು, ಅದನ್ನು ಕೇಳಿಕೊಳ್ಳಿ.

ಮಧ್ಯಾಹ್ನ ಜೀಪುಗಳಲ್ಲಿ ಬರುವ ಗುಂಪುಗಳ ಗದ್ದಲ ಇರುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಚಳಿಗಾಲದಲ್ಲಿ ಮಳೆ ಜೋರು, ಹೋಟೆಲುಗಳೂ ಬಹುತೇಕ ಬಂದ್.

ಕಾಲಲ್ಲಿ ಕಸುವಿದ್ದರೆ ಊರಿಂದ ಪಾಂಟೊಕ್ರಾಟೊರ್ ಬೆಟ್ಟದ 906 ಮೀಟರ್ ಎತ್ತರದ ತುದಿಗೆ ಚಾರಣದ ಹಾದಿಯಿದೆ. ಮೇಲೆ ಮಠವಿದೆ, ಅದರ ಅಂಗಳದಲ್ಲೇ ಎದ್ದಿರುವ ದೂರಸಂಪರ್ಕದ ಗೋಪುರ ನೋಡಿ ನನಗಂತೂ ರೇಗಿತು. ಆದರೆ ಆಕಾಶ ತಿಳಿಯಾಗಿದ್ದರೆ ಜಲಸಂಧಿಯಾಚೆಗಿನ ಅಲ್ಬೇನಿಯಾ ಕಾಣುತ್ತದೆ. ನೆರಳು ಕಡಿಮೆ, ನೀರು ಜಾಸ್ತಿ ಒಯ್ಯಿರಿ. ಊರಲ್ಲಿ ಜೇನುತುಪ್ಪ ಕೊಂಡರೆ ಶೀಸೆಯನ್ನು ಚೆಕ್‌ಇನ್ ಬ್ಯಾಗಿಗೇ ಹಾಕಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.