ಗ್ಯಾಸ್ ಗೀಸರ್ ಫ್ಯಾನ್ ಸದ್ದು ಮಾಡುತ್ತಿದ್ದರೆ, ಸ್ಕ್ರೂ ಬಿಚ್ಚುವ ಮೊದಲು ಕಿವಿಗೊಡಿ

ಬಚ್ಚಲೊಲೆ ಬಿಟ್ಟು ಗ್ಯಾಸ್ ಗೀಸರ್ ಹಾಕಿಸಿದ ಮಲೆನಾಡಿನ ಮನೆಗಳಲ್ಲಿ, ಯಂತ್ರ ಹಳತಾದಂತೆ ಬರುವ ದೂರು ಹೆಚ್ಚುಕಡಿಮೆ ಒಂದೇ: ನೀರು ಚೆನ್ನಾಗಿಯೇ ಕಾಯುತ್ತದೆ, ಫ್ಯಾನ್ ಮಾತ್ರ ಅರಚುತ್ತದೆ. ಸುಟ್ಟ ಗಾಳಿಯನ್ನು ಪೈಪಿನಲ್ಲಿ ಗೋಡೆಯಾಚೆ ದೂಡುವ, ಕರೆಂಟಿನ ಪ್ಲಗ್ ಇರುವ ಮಾದರಿಯ ಮಾತಿದು. ಬರೀ ಎರಡು ಸೆಲ್ ಹಾಕಿ ನಡೆಸುವ ಅಗ್ಗದ ಗೀಸರ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾನೇ ಇರುವುದಿಲ್ಲ.

ನಲ್ಲಿ ತಿರುಗಿಸಿದಾಗ ಒಳಗೆ ನಡೆಯುವ ಕೆಲಸದ ಸರದಿ ಗೊತ್ತಿದ್ದರೆ ಅರ್ಧ ಪತ್ತೆಯಾದಂತೆ. ನೀರು ಹರಿದದ್ದು ಗೊತ್ತಾದ ಕೂಡಲೇ ಫ್ಯಾನ್ ತಿರುಗುತ್ತದೆ. ಗಾಳಿಯ ಒತ್ತಡ ಸರಿಯಿದೆ ಎಂದು ಪ್ರೆಶರ್ ಸ್ವಿಚ್ ಒಪ್ಪಿದ ಮೇಲೆ ಕಿಡಿ ಹಾರುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬೆಂಕಿ ಹತ್ತುತ್ತದೆ. ನಲ್ಲಿ ನಿಲ್ಲಿಸಿದ ಮೇಲೂ ಎಷ್ಟೋ ಮಾದರಿಗಳಲ್ಲಿ ಫ್ಯಾನ್ ಕೆಲವು ಸೆಕೆಂಡ್ ಓಡಿ ಒಳಗಿನ ಹೊಗೆಯನ್ನು ಹೊರಹಾಕುತ್ತದೆ.

ಹಾಗಾಗಿ ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಬೇಡ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ ಬಿಸಿನೀರಿನ ನಲ್ಲಿ ಬಿಡಿ. ಬೆಂಕಿ ಹತ್ತುವುದಿಲ್ಲ; ಕಿಡಿ ಟಿಕ್ ಟಿಕ್ ಎಂದು ಸ್ವಲ್ಪ ಹೊತ್ತಿನಲ್ಲಿ ಯಂತ್ರ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ಕೇಳುವುದು ಫ್ಯಾನಿನ ಸದ್ದು ಮಾತ್ರ. ಈಗಲೂ ಆ ಗಲಾಟೆ ಇದ್ದರೆ ತಪ್ಪು ಫ್ಯಾನಿನದು. ಬೆಂಕಿ ಹತ್ತಿದಾಗ ಮಾತ್ರ ಗುಳುಗುಳು, ಕಟಕಟ ಬಂದರೆ ಫ್ಯಾನನ್ನು ಬಿಟ್ಟುಬಿಡಿ. ಅದು ತಾಮ್ರದ ಕಾಯಿಲ್‌ನಲ್ಲಿ ನೀರು ಕುದಿಯುವ ಸದ್ದು. ಅಬ್ಬಿ ನೀರನ್ನು ಪೈಪಿನಲ್ಲಿ ತಂದ ಮನೆಗಳಲ್ಲಿ ನೀರು ಬರುವ ಕಡೆಯ ಜಾಲರಿಗೆ ಮರಳು, ಎಲೆಚೂರು ಕಟ್ಟಿ ಹರಿವು ಸಣ್ಣದಾಗುವುದೇ ಇದಕ್ಕೆ ಕಾರಣವಾಗುವುದುಂಟು. ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟಿರಬಹುದು.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಫ್ಯಾನ್ ಓಡುತ್ತಿರುವಾಗ ಸ್ವಿಚ್ ಆಫ್ ಮಾಡಿ, ಅದು ನಿಧಾನವಾಗಿ ನಿಲ್ಲುವಾಗ ಕೇಳಿ. ಸ್ವಿಚ್ ತೆಗೆದ ಕ್ಷಣವೇ ಸದ್ದು ಕಡಿದು ಬಿದ್ದರೆ ಅದು ಕರೆಂಟಿನ ಗುಂಯ್‌ಗಾರಿಕೆ. ಚಕ್ರ ಸುತ್ತುವಷ್ಟೂ ಹೊತ್ತು ಸದ್ದು ಮುಂದುವರಿದು, ವೇಗ ತಗ್ಗಿದಂತೆ ದಪ್ಪವಾಗುತ್ತಾ ಹೋದರೆ ಬುಷ್ (ಶಾಫ್ಟನ್ನು ಹಿಡಿದಿರುವ ಲೋಹದ ಬಳೆ), ಬೇರಿಂಗ್ ಅಥವಾ ಚಕ್ರದ ತೊಂದರೆ.

ಕರೆಂಟಿನ ಸದ್ದಾದರೆ ಯಂತ್ರ ಬಿಚ್ಚುವ ಮೊದಲು ವೋಲ್ಟೇಜ್ ನೋಡಿ. ಮಳೆಗಾಲದಲ್ಲಿ ಲೈನ್ ಹೋದಾಗ ಗೀಸರ್ ಇನ್ವರ್ಟರ್ ಮೇಲೆ ಓಡುತ್ತಿರುತ್ತದೆ. ಇನ್ವರ್ಟರ್ ಸೈನ್ ವೇವ್‌ನದ್ದಲ್ಲದಿದ್ದರೆ ಎಸಿ ಮೋಟರ್ ಗುಂಯ್ ಎನ್ನುವುದು ಸಹಜ; ಲೈನ್ ಬಂದಾಗ ಸದ್ದು ಹೋದರೆ ಗೀಸರ್‌ಗೆ ಏನೂ ಆಗಿಲ್ಲ. ತೋಟದ ಪಂಪ್‌ಸೆಟ್ ಶುರುವಾದಾಗಲೆಲ್ಲ ಫ್ಯಾನ್ ಮಂಕಾದರೂ ಅಷ್ಟೇ, ಸಮಸ್ಯೆ ಹೊರಗಿದೆ. ವೋಲ್ಟೇಜ್ ಸರಿಯಿದ್ದೂ ಫ್ಯಾನ್ ಏಳಲು ತಿಣುಕಿದರೆ ಮಾತ್ರ ಮೋಟರ್ ಏಳಲು ನೆರವಾಗುವ ಕಂಡೆನ್ಸರ್, ಬಿಗಿಯಾದ ಬುಷ್ ಅನುಮಾನಿಸಿ.

ಮಲೆನಾಡಿನಲ್ಲಿ ಇನ್ನೊಂದು ಕಾರಣ ಬಯಲುಸೀಮೆಯವರಿಗೆ ಹೊಳೆಯುವುದೇ ಇಲ್ಲ. ಫ್ಯಾನಿನ ಸ್ವರ ಮೊದಲಿಗಿಂತ ತೆಳುವಾಗಿ, ಎತ್ತರಕ್ಕೆ ಏರಿದ್ದರೆ ಹೊಗೆ ಪೈಪ್ ಕಟ್ಟಿದೆ ಎಂದರ್ಥ. ಗಾಳಿ ಹೋಗಲು ದಾರಿ ಇಲ್ಲದಾಗ ಈ ಬಗೆಯ ಚಕ್ರಕ್ಕೆ ಭಾರ ಕಡಿಮೆಯಾಗಿ ಅದು ಇನ್ನಷ್ಟು ಜೋರಾಗಿ ಸುತ್ತುತ್ತದೆ, ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಕೈ ಅಡ್ಡ ಹಿಡಿದಾಗ ಆಗುವ ಹಾಗೆ. ಹೊರಗೆ ಹೋಗಿ ನೋಡಿ. ಪೈಪಿನ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲ್ಲವೇ ಇರಚಲು ಹೊಡೆಯದಿರಲಿ ಎಂದು ಪಡುವಣ ಗೋಡೆಗೆ ಕಟ್ಟಿದ ಟಾರ್ಪಲ್ಲೋ ಸೋಗೆ ತಟ್ಟಿಯೋ ಪೈಪನ್ನೂ ಮುಚ್ಚಿರುತ್ತದೆ. ಇದು ಬರೀ ಸದ್ದಿನ ವಿಷಯವಲ್ಲ. ಹೊರಹೋಗದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದಾರಿ ಬಿಡಿಸುವವರೆಗೆ ಗೀಸರ್ ಹಚ್ಚಬಾರದು.

ಈಗ ಬಿಚ್ಚುವ ಕೆಲಸ. ಪ್ಲಗ್ ಕೀಳಿ, ರೆಗ್ಯುಲೇಟರ್ ಮುಚ್ಚಿ, ಯಂತ್ರ ತಣ್ಣಗಾಗಲು ಅರ್ಧ ಗಂಟೆ ಬಿಡಿ. ಮುಂದಿನ ಕವಚ ತೆಗೆದರೆ ಹಳೆಯ ಮಾದರಿಗಳಲ್ಲಿ ಫ್ಯಾನ್ ಕಾಯಿಲ್‌ನ ಮೇಲುಗಡೆ ಸಿಗುತ್ತದೆ. ಬಿಸಿ, ತೇವದ ಹೊಗೆಯೆಲ್ಲ ಅದರ ಮೂಲಕವೇ ಹೋಗುವುದರಿಂದ ಶಾಫ್ಟಿನ ಎಣ್ಣೆ ಬೇಗ ಒಣಗುತ್ತದೆ, ನಮ್ಮ ಥಂಡಿಗೆ ತುಕ್ಕೂ ಹಿಡಿಯುತ್ತದೆ. ಚಕ್ರವನ್ನು ಬೆರಳಿನಿಂದ ತಿರುಗಿಸಿ. ನುಣ್ಣಗೆ ಸುತ್ತಿ ನಿಲ್ಲಬೇಕು. ಶಾಫ್ಟ್ ಉದ್ದಕ್ಕೆ ಕೂದಲೆಳೆಯಷ್ಟು ಜರುಗಿದರೆ ಚಿಂತೆಯಿಲ್ಲ, ಅಡ್ಡಕ್ಕೆ ಅಲುಗಿದರೆ ಬುಷ್ ಸವೆದಿದೆ. ಒಂದೇ ಜಾಗದಲ್ಲಿ ಟಕ್ ಎಂದರೆ ರೆಕ್ಕೆ ಕವಚಕ್ಕೆ ತಾಗುತ್ತಿದೆ ಅಥವಾ ಚಕ್ರದ ಸ್ಕ್ರೂ ಸಡಿಲವಾಗಿದೆ.

ಗೋಡೆಯೇ ನಡುಗುವಂತಿದ್ದರೆ ರೆಕ್ಕೆಗಳ ನಡುವಿನ ಕೊಳೆ ನೋಡಿ. ಒಂದು ಕಡೆ ಹೆಚ್ಚು ಕೂತರೆ ಚಕ್ರದ ಸಮತೋಲ ತಪ್ಪುತ್ತದೆ. ಹಳೇ ಟೂತ್‌ಬ್ರಷ್ಷಿನಿಂದ ಒಣಗಿದ್ದಂತೆಯೇ ಉಜ್ಜಿ, ರೆಕ್ಕೆ ಬಗ್ಗಿಸಬೇಡಿ. ರೆಕ್ಕೆಯ ಮೇಲೆ ಸಣ್ಣ ತಗಡಿನ ಕ್ಲಿಪ್ ಕಂಡರೆ ಕಸವೆಂದು ಕೀಳಬೇಡಿ, ಸಮತೋಲಕ್ಕೆಂದು ಕಾರ್ಖಾನೆಯಲ್ಲೇ ಸಿಕ್ಕಿಸಿದ್ದು. ಕೊಳೆ ದೂಳಲ್ಲದೆ ಕಪ್ಪು ಮಸಿಯಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ. ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ.

ಬೆಳಗಿನ ಚಳಿಯಲ್ಲಿ ಕೀಚ್ ಎಂದು, ಬಿಸಿಯಾದ ಮೇಲೆ ಸುಮ್ಮನಾಗುವ ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಬೇಡ, ಬಿಸಿಗೆ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇದ್ದಬದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಎಣ್ಣೆ ಬಿಟ್ಟರೂ ಸದ್ದು ಮರಳಿದರೆ ಬುಷ್ ಹೋಗಿದೆ. ಬಾಲ್ ಬೇರಿಂಗ್ ಇದ್ದರೆ ಅಂಚಿನ ನಂಬರ್ ನೋಡಿಕೊಂಡು ಅದನ್ನೇ ತನ್ನಿ. 608 ಎಂದಿದ್ದರೆ ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಇಡೀ ಫ್ಯಾನ್ ಬದಲಿಸುವುದಾದರೆ ಗೀಸರಿನ ಮಾಡೆಲ್ ನಂಬರ್, ವೋಲ್ಟೇಜ್, ವ್ಯಾಟ್, ತಿರುಗುವ ದಿಕ್ಕು, ಬೋಲ್ಟ್ ತೂತುಗಳ ಅಂತರ ಎಲ್ಲವೂ ಹೊಂದಬೇಕು. ‘ಇದೂ ಕೂರುತ್ತೆ ಸಾರ್’ ಎಂದು ಕೊಡುವ ಫ್ಯಾನ್ ಕೂತೀತು, ಆದರೆ ಗಾಳಿಯ ಪ್ರಮಾಣ ತಪ್ಪಿದರೆ ಬೆಂಕಿ ಹಳದಿಯಾಗುತ್ತದೆ ಅಥವಾ ಪದೇಪದೇ ಆರುತ್ತದೆ.

ಪ್ರೆಶರ್ ಸ್ವಿಚ್ಚಿನ ಸಣ್ಣ ರಬ್ಬರ್ ಕೊಳವೆ ಗಟ್ಟಿಯಾಗಿ ಸೀಳಿದ್ದರೆ, ಒಳಗೆ ನೀರು ನಿಂತಿದ್ದರೆ ಬದಲಿಸಿ. ಆ ಸ್ವಿಚ್ ಗಾಳಿ ನೋಡದ ಹಾಗೆ ಅದಕ್ಕೆ ತಂತಿ ಜೋಡಿಸಿ ‘ಡೈರೆಕ್ಟ್’ ಮಾಡಿಕೊಡುವವರಿದ್ದಾರೆ. ಅಂಥವರ ಕೈಗೆ ಯಂತ್ರ ಕೊಡಬೇಡಿ.

ಮರಳಿ ಜೋಡಿಸುವಾಗ ಹೊಗೆ ಪೈಪ್ ಹೊರಗಡೆಗೆ ತುಸು ಇಳಿಜಾರಿರಲಿ, ಇಲ್ಲದಿದ್ದರೆ ಮಳೆನೀರು ಸೀದಾ ಫ್ಯಾನಿಗೆ ಇಳಿಯುತ್ತದೆ. ರೆಗ್ಯುಲೇಟರ್ ತೆರೆದು ಗ್ಯಾಸ್ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಏಳದಿದ್ದರೆ ಮಾತ್ರ ಗೀಸರ್ ಹಚ್ಚಿ. ಆಮೇಲೆ ಹೊಗೆ ಪೈಪಿನ (ಗ್ಯಾಸ್ ಪೈಪಿನದ್ದಲ್ಲ) ಜಾಯಿಂಟುಗಳ ಸುತ್ತ ಊದಿನಕಡ್ಡಿ ಹಿಡಿದು ನೋಡಿ. ಎಲ್ಲಾದರೂ ಕಡ್ಡಿಯ ಹೊಗೆ ಆಚೆ ತಳ್ಳಲ್ಪಟ್ಟರೆ ಅಲ್ಲಿ ಸೋರುತ್ತಿದೆ, ಬಿಸಿ ತಡೆಯುವ ಅಲ್ಯೂಮಿನಿಯಂ ಟೇಪ್ ಸುತ್ತಿ ಮತ್ತೆ ಪರೀಕ್ಷಿಸಿ.