ನೀನು ಇನ್ನೂ ಹೋಗಿಲ್ವಾ?

"ನೀನು ಇನ್ನೂ ಹೋಗಿಲ್ವಾ?"

ಸೋಮವಾರ ಮಧ್ಯಾಹ್ನ ಖಾವ್ ಸೋಯ್ ಅನ್ನುವ ನೂಡಲ್ಸ್ ಸಾರಿನ ಬಟ್ಟಲನ್ನು ನನ್ನ ಮುಂದಿಡುತ್ತಾ ಪಾ ಕೇಳಿದ್ದು ಇಷ್ಟೇ. ಪಾ ಅಂದರೆ ದೊಡ್ಡಮ್ಮ. ವಯಸ್ಸಾದ ಅಂಗಡಿ ಹೆಂಗಸರನ್ನು ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ನಾನೂ ಕರೆಯುತ್ತೇನೆ.

"ಎಲ್ಲಿಗೆ?" ಅಂದೆ, ನನ್ನ ಹರಕು ಮುರುಕು ಥಾಯ್‌ನಲ್ಲಿ.

"ಸಮುದ್ರದ ಕಡೆ. ಎಲ್ಲರೂ ಹೋದರಲ್ಲ."

ಅಷ್ಟು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಆ ಮಾತು ಮಾತ್ರ ವಾರವಿಡೀ ನನ್ನ ತಲೆಯಲ್ಲೇ ಕೂತಿದೆ.

ಇದು ಮಾರ್ಚ್. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೊಗೆಯ ತಿಂಗಳು. ನನ್ನ ಕೋಣೆಯ ಕಿಟಕಿಯಿಂದ ಪಶ್ಚಿಮಕ್ಕೆ ದೋಯ್ ಸುಥೆಪ್ ಬೆಟ್ಟ ಕಾಣಬೇಕು. 1,600 ಮೀಟರಿಗೂ ಜಾಸ್ತಿ ಎತ್ತರದ ಬೆಟ್ಟ ಅದು. ಈಗ ಇಡೀ ಬೆಟ್ಟವೇ ನಾಪತ್ತೆ. ಸಂಜೆಯ ಸೂರ್ಯನನ್ನು ಬರಿಗಣ್ಣಲ್ಲೇ ನೋಡಬಹುದು, ಗೋಡೆಗೆ ಅಂಟಿಸಿದ ಕುಂಕುಮದ ಬೊಟ್ಟಿನ ಹಾಗಿರುತ್ತದೆ. ಮೊನ್ನೆ ಆಫೀಸಿನ ವಿಡಿಯೋ ಕಾಲ್‌ನಲ್ಲಿ ನನ್ನ ಹಿಂದಿನ ಕಿಟಕಿ ನೋಡಿ ಬೆಂಗಳೂರಿನ ಸಹೋದ್ಯೋಗಿಯೊಬ್ಬ, "ಏನ್ ಗುರೂ, ಎಷ್ಟೊಂದು ಮಂಜು ಬಿದ್ದಿದೆ! ಲಕ್ಕಿ ನೀನು. ನಾವಿಲ್ಲಿ ಸಿಲ್ಕ್ ಬೋರ್ಡ್‌ನಲ್ಲಿ ಸಾಯ್ತಾ ಇದೀವಿ" ಅಂದ. ನಾನು ಏನೂ ಹೇಳದೆ ಪರದೆ ಎಳೆದೆ.

ಊರು ಬಟ್ಟಲಿನಂಥ ಕಣಿವೆಯಲ್ಲಿದೆ. ಬೇಸಿಗೆಯ ಶುರುವಿನಲ್ಲಿ ಮೇಲೆ ಬಿಸಿ ಗಾಳಿ, ಕೆಳಗೆ ತಣ್ಣನೆಯ ಗಾಳಿ. ಮೇಲಿನ ಪದರ ಮುಚ್ಚಳದಂತೆ ಕೂತುಬಿಡುತ್ತದೆ. ಕಾಡಿನ ತರಗೆಲೆ, ಬೆಟ್ಟದ ಹೊಲಗಳ ಕೂಳೆ, ಗಡಿಯಾಚೆ ಮ್ಯಾನ್ಮಾರ್ ಮತ್ತು ಲಾವೋಸ್‌ನಲ್ಲಿ ಹಚ್ಚಿದ ಬೆಂಕಿ, ಎಲ್ಲದರ ಹೊಗೆಯೂ ಇಲ್ಲಿ ಬಂದು ನಿಲ್ಲುತ್ತದೆ. ಮಳೆ ಬರುವವರೆಗೂ ಇದೇ ಕಥೆ.

ಅದಕ್ಕೇ ಫೆಬ್ರವರಿ ಕೊನೆಯಿಂದಲೇ ಲ್ಯಾಪ್‌ಟಾಪ್ ಜನ, ಅಂದರೆ ಬೇರೆ ದೇಶದ ಆಫೀಸಿನ ಕೆಲಸವನ್ನು ಇಲ್ಲಿ ಕೂತು ಮಾಡುವ ನನ್ನಂಥವರು, ಜಾಗ ಖಾಲಿ ಮಾಡುತ್ತಾರೆ. ನಿಮ್ಮಾನ್ ರಸ್ತೆಯ ಕಾಫಿ ಅಂಗಡಿಗಳಲ್ಲಿ ಡಿಸೆಂಬರ್‌ನಲ್ಲಿ ಪ್ಲಗ್ ಪಾಯಿಂಟಿಗೆ ಜಗಳ ನಡೆಯುತ್ತಿತ್ತು, ಈಗ ಬೇಕಾದ ಮೇಜು ಸಿಗುತ್ತದೆ. ನನ್ನ ಮಹಡಿಯಲ್ಲೂ ಅರ್ಧ ಬಾಗಿಲುಗಳ ಮುಂದೆ ಚಪ್ಪಲಿ ಇಲ್ಲ.

ಪಕ್ಕದ ಕೋಣೆಯ ಯುರೋಪಿನವನು ಹೋದ ವಾರ ವಿಯೆಟ್ನಾಮಿನ ದಾ ನಾಂಗ್‌ಗೆ ಹೊರಟ. ಒಳ್ಳೆಯವನೇ. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟಿದ್ದ. ಆದರೆ ಕೆಂಪು ಸೋಂಗ್‌ಥೇವ್ ಗಾಡಿಯ ಡ್ರೈವರ್ 30ರ ಬದಲು 40 ಬಾತ್ ಕೇಳಿದರೆ ರಸ್ತೆ ಮಧ್ಯೆ ನಿಂತು ವಾದ ಮಾಡುವ ಆಸಾಮಿ. ಅವತ್ತೇ ಸಂಜೆ 90 ಬಾತ್ ಕಾಫಿಗೆ ತುಟಿ ಪಿಟಕ್ಕೆನ್ನುವುದಿಲ್ಲ. ಹೋಗುವಾಗ ಮೂರು ಕುಂಡ ನನ್ನ ಬಾಗಿಲಿಗೆ ತಂದಿಟ್ಟ, ಏರ್ ಪ್ಯೂರಿಫೈಯರ್ ಅನ್ನು ಅರ್ಧ ಬೆಲೆಗೆ ಮಾರಿದ. ಗಿಡ ಪುಕ್ಕಟೆ, ಗಾಳಿಗೆ ದುಡ್ಡು. ಲಿಫ್ಟಿನ ಮುಂದೆ ನಿಂತು, "ಬೆಂಕಿ ಹಚ್ಚುವ ಆ ಬೆಟ್ಟದ ಜನರನ್ನೆಲ್ಲ ಜೈಲಿಗೆ ಹಾಕಬೇಕು" ಅಂದ. ಲಿಫ್ಟ್ ಬಂತು, ಹೋದ.

ನಾನೇಕೆ ಹೋಗಲಿಲ್ಲ? ಸರಳ ಕಾರಣ ದುಡ್ಡು. ಈ ಊರನ್ನು ಅಗ್ಗ ಅನ್ನುವವರು ಸಾಮಾನ್ಯವಾಗಿ ಡಾಲರ್ ಇಲ್ಲವೇ ಯೂರೋದಲ್ಲಿ ಲೆಕ್ಕ ಹಾಕುವವರು. ನನ್ನ ಸಂಬಳ ರೂಪಾಯಿಯಲ್ಲಿ ಬರುತ್ತದೆ. ಸಾಂತಿತಾಮ್ ಬಡಾವಣೆಯಲ್ಲಿ ಒಂದು ಕೋಣೆಗೆ ತಿಂಗಳಿಗೆ 9,000 ಬಾತ್ ಕೊಡುತ್ತೇನೆ. ಅಂದರೆ ಸುಮಾರು 25 ಸಾವಿರ ರೂಪಾಯಿ. ಬೆಂಗಳೂರಿಗಿಂತ ಭಾರಿ ಕಮ್ಮಿಯೇನಲ್ಲ. ಕಮ್ಮಿ ಇರುವುದು ಅಡ್ವಾನ್ಸ್. ಇಲ್ಲಿ ಎರಡು ತಿಂಗಳ ಬಾಡಿಗೆ ಕೊಟ್ಟರೆ ಮಂಚ, ಎಸಿ, ಫ್ರಿಜ್ ಸಮೇತ ಬೀಗದ ಕೈ ಕೊಡುತ್ತಾರೆ. ಬೆಂಗಳೂರಿನಲ್ಲಿ ಖಾಲಿ ಗೋಡೆಗೇ ಹತ್ತು ತಿಂಗಳಿನದು ಕೇಳಿದವರನ್ನು ನೋಡಿದ್ದೇನೆ, ಜೊತೆಗೆ ಜಾತಿಯನ್ನೂ ಕೇಳಿದವರನ್ನು. ಇಲ್ಲಿ ಪಾಸ್‌ಪೋರ್ಟ್ ಬಿಟ್ಟು ಏನೂ ಕೇಳಲಿಲ್ಲ. ಹೊತ್ತು ಕೂಡ ಅನುಕೂಲ. ಗಡಿಯಾರ ಒಂದೂವರೆ ಗಂಟೆ ಮುಂದಿದೆ, ಬೆಂಗಳೂರಿನ ಹತ್ತು ಗಂಟೆಯ ಮೀಟಿಂಗ್ ನನಗೆ ಹನ್ನೊಂದೂವರೆ. ಬೆಳಗ್ಗೆ ಪೂರ್ತಿ ನನ್ನದೇ.

ಆದರೆ ಈ ಅಗ್ಗದ ಊರಿಗೆ ಬರಲು ಬಾಗಿಲಲ್ಲಿ ತೋರಿಸಬೇಕಾದ ದುಡ್ಡು ಅಗ್ಗದ್ದಲ್ಲ. 2024ರ ಜುಲೈನಲ್ಲಿ ಥಾಯ್ಲೆಂಡ್ ಸರ್ಕಾರ ನಮ್ಮಂಥ ದೂರದ ಕೆಲಸದವರಿಗೂ ಸಿಗುವ 5 ವರ್ಷದ ವೀಸಾ ತಂದಿತು. ಒಮ್ಮೆ ಒಳಗೆ ಬಂದರೆ 180 ದಿನ ಇರಬಹುದು. ಅದಕ್ಕೆ ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದೆ ಎಂದು ತೋರಿಸಬೇಕು. ನಮ್ಮ ಲೆಕ್ಕದಲ್ಲಿ 13-14 ಲಕ್ಷ ರೂಪಾಯಿ. ಇದೇ ಚಿಯಾಂಗ್ ಮಾಯ್ ನಗರದ ತಾಲ್ಲೂಕಿಗೆ 2025ರ ಜನವರಿಯಲ್ಲಿ ಗೊತ್ತುಮಾಡಿದ ಕನಿಷ್ಠ ದಿನಗೂಲಿ 380 ಬಾತ್. ನಿಮ್ಮಾನ್‌ನಲ್ಲಿ ನಾಲ್ಕು ಕಾಫಿ ಕುಡಿದರೆ ಅದು ಹೆಚ್ಚುಕಮ್ಮಿ ಮುಗಿಯುತ್ತದೆ.

ಈ ಲೆಕ್ಕವೆಲ್ಲ ಮಾಡುತ್ತಾ ಕೂತವನಿಗೆ ಪಾ ಅವರ ಮಾತು ಒಂದೊಂದು ರಾತ್ರಿ ಒಂದೊಂದು ಥರ ಕೇಳಿಸಿತು. ನೀನು ಇನ್ನೂ ಹೋಗಿಲ್ವಾ? ಮೊದಲ ರಾತ್ರಿ ಅದು ಕನಿಕರ ಅನ್ನಿಸಿತು. ಪಾಪ, ಉಳಿದವರ ಹಾಗೆ ಇವನ ಹತ್ತಿರ ದುಡ್ಡಿಲ್ಲ. ಮಾರನೆಯ ದಿನ ಚುಚ್ಚುಮಾತು ಅನ್ನಿಸಿತು. ತಂಪಿದ್ದಾಗ ಬರ್ತೀರಿ, ಹೊಗೆ ಎದ್ದ ಕೂಡಲೇ ಓಡ್ತೀರಿ, ನೀನ್ಯಾಕೆ ಹಿಂದೆ ಬಿದ್ದೆ? ಆಮೇಲೆ ನನಗೇ ಒಂದು ಚೂರು ಹೆಮ್ಮೆ ಕೂಡ ಆಯಿತು, ನೋಡು, ನಾನು ಉಳಿದೆ ಅಂತ. ಉಳಿದು ಮಾಡಿದ್ದೇನು? ಕಿಟಕಿ ಮುಚ್ಚಿ, ಪ್ಯೂರಿಫೈಯರ್ ಹಾಕಿ, ಒಳಗೆ ಕೂತಿದ್ದೇನೆ. ಪಾ ಅವರ ಅಂಗಡಿಗೆ ಬಾಗಿಲೇ ಇಲ್ಲ. ರಸ್ತೆ ಬದಿಯ ತಗಡಿನ ಮಾಡು, ಎರಡು ಒಲೆ, ಆರು ಮೇಜು. ಅವರ ಮೊಮ್ಮಗಳಿಗೆ ಕೆಮ್ಮು. ಶಾಲೆಯಲ್ಲಿ ಒಂದು ಕೋಣೆಗೆ ಪ್ಯೂರಿಫೈಯರ್ ಹಾಕಿದ್ದಾರಂತೆ, ಆದ್ದರಿಂದ ಮನೆಗಿಂತ ಶಾಲೆಯೇ ಮೇಲು ಅನ್ನುತ್ತಾರೆ.

ಅಂದ ಹಾಗೆ, ಗಾಳಿ ಎಷ್ಟು ಕೆಟ್ಟಿದೆ ಅನ್ನುವುದು ಯಾವ ದೇಶದ ಅಳತೆಗೋಲು ಹಿಡಿದಿದ್ದೀರಿ ಅನ್ನುವುದರ ಮೇಲಿದೆ. ಸಣ್ಣ ಧೂಳಿಗೆ, ಅದೇ ಪಿಎಂ 2.5ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ಮಿತಿ ಹಾಕಿದೆ. ಥಾಯ್ಲೆಂಡಿನದು 37.5. ನಮ್ಮ ಭಾರತದ್ದು 60. ಮಂಗಳವಾರ ಇಲ್ಲಿ 80 ದಾಟಿತ್ತು. ಅಮೆರಿಕದ ಸೂಚ್ಯಂಕದ ಪ್ರಕಾರ ಅದು ಎಲ್ಲರ ಆರೋಗ್ಯಕ್ಕೂ ಕೆಟ್ಟ ಗಾಳಿ, ನನ್ನ ಆ್ಯಪ್ ಪೂರ್ತಿ ಕೆಂಪಾಗಿತ್ತು. ಅದೇ ಗಾಳಿ ನಮ್ಮ ಸೂಚ್ಯಂಕದಲ್ಲಿ ‘ಮಧ್ಯಮ’. ನನ್ನನ್ನು ಲಕ್ಕಿ ಅಂದ ಆ ಸಹೋದ್ಯೋಗಿ ಹೇಳಿದ್ದು ಒಂದು ಲೆಕ್ಕಕ್ಕೆ ಸರಿಯೇ ಅಲ್ವಾ?

ಪಕ್ಕದ ಕೋಣೆಯವನ ಮಾತಿಗೆ ಬರುತ್ತೇನೆ. ಬೆಟ್ಟದ ಜನರನ್ನು ಜೈಲಿಗೆ ಹಾಕಬೇಕಂತೆ. ಉತ್ತರ ಥಾಯ್ಲೆಂಡಿನ ಆ ಇಳಿಜಾರು ಹೊಲಗಳಲ್ಲಿ ಬೆಳೆಯುವುದು ಏನು ಗೊತ್ತಾ? ಹೆಚ್ಚಾಗಿ ಗೋವಿನಜೋಳ. ಅದು ಮನುಷ್ಯರ ಊಟಕ್ಕಲ್ಲ, ಕೋಳಿ ಹಂದಿಗಳ ಮೇವಿಗೆ. ಕಡಿದಾದ ಜಾಗ, ಟ್ರ್ಯಾಕ್ಟರ್ ಹತ್ತುವುದಿಲ್ಲ. ತೆನೆ ಮುರಿದ ಮೇಲೆ ಉಳಿದ ದಂಟನ್ನು ಕಿತ್ತು ಹಾಕಲು ಕೂಲಿ ಕೊಟ್ಟರೆ ಬೆಳೆದವನಿಗೆ ಏನೂ ಉಳಿಯುವುದಿಲ್ಲ. ಒಂದು ಬೆಂಕಿಕಡ್ಡಿಯಲ್ಲಿ ಹೊಲ ಚೊಕ್ಕಟವಾಗುತ್ತದೆ.

ನಾನು ಹಾವೇರಿ ಜಿಲ್ಲೆಯವನು. ಗೋವಿನಜೋಳದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ. ನಮ್ಮ ಹೊಲದಲ್ಲಿ ಮೊದಲು ಹತ್ತಿ ಇತ್ತು, ಬಿಳಿಜೋಳ ಇತ್ತು. ಆಮೇಲೆ ಎಲ್ಲ ಕಡೆ ಗೋವಿನಜೋಳವೇ ಆಯಿತು. ರುಚಿಗೆಂದು ಯಾರೂ ಬೆಳೆಯಲಿಲ್ಲ. ರೋಗ ಕಮ್ಮಿ, ಕೆಲಸ ಕಮ್ಮಿ, ಕೊಳ್ಳುವವರು ಇದ್ದಾರೆ. ನಮ್ಮದೂ ಬಹುಪಾಲು ಕೋಳಿ ಮೇವಿಗೇ ಹೋಗುತ್ತದೆ. ನಮ್ಮದು ಬಯಲು ನೆಲ, ದಂಟನ್ನು ಎತ್ತಿಗೆ ಹಾಕುತ್ತಿದ್ದೆವು. ಎತ್ತು ಹೋಗಿ ಬಾಡಿಗೆ ಟ್ರ್ಯಾಕ್ಟರ್ ಬಂದ ಮೇಲೆ ಕೆಲವರು ಸುಡುವುದೂ ಶುರುವಾಯಿತು. ಅವರಲ್ಲಿ ಯಾರನ್ನೂ ಜೈಲಿಗೆ ಹಾಕಬೇಕು ಎಂದು ನನಗೆ ಯಾವತ್ತೂ ಅನಿಸಿಲ್ಲ. ಬಯ್ಯಬೇಕು ಅನಿಸಿದೆ, ಬೈದಿದ್ದೇನೆ. ಅದು ಬೇರೆ.

ಖಾವ್ ಸೋಯ್‌ನಲ್ಲಿ ತೆಂಗಿನಹಾಲಿನ ಸಾರು, ಮೆತ್ತನೆಯ ನೂಡಲ್ಸ್, ಮೇಲೆ ಕರಿದ ನೂಡಲ್ಸ್, ಒಂದು ಕೋಳಿಕಾಲು ಇರುತ್ತದೆ. ಆ ಕೋಳಿ ಯಾವ ಬೆಟ್ಟದ ಜೋಳ ತಿಂದಿತ್ತೋ ಯಾರಿಗೆ ಗೊತ್ತು. ದಾ ನಾಂಗ್‌ಗೆ ಹೋದವನೂ ವಾರಕ್ಕೆರಡು ಸಲ ಅದೇ ಬಟ್ಟಲು ಖಾಲಿ ಮಾಡುತ್ತಿದ್ದ. ಜೋಳ ಬೆಳೆದವನಿಗೆ ಜೈಲು, ತಿಂದವನಿಗೆ ಬೀಚು. ಇದು ಯಾವ ನ್ಯಾಯ?

ಇಲ್ಲಿನವರು ಸುಮ್ನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಹೊಗೆಯ ವಿಷಯಕ್ಕೆ ಊರಿನ ಜನ ಸರ್ಕಾರದ ವಿರುದ್ಧವೇ ಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಚಿಯಾಂಗ್ ಮಾಯ್ ಆಡಳಿತ ನ್ಯಾಯಾಲಯ, 90 ದಿನಗಳೊಳಗೆ ತುರ್ತು ಯೋಜನೆ ಮಾಡಿ ಎಂದು ಪ್ರಧಾನಿಗೂ ರಾಷ್ಟ್ರೀಯ ಪರಿಸರ ಮಂಡಳಿಗೂ ಆದೇಶ ಕೊಟ್ಟಿತು. ಹೊಗೆ ಆಮೇಲೂ ಬಂದಿದೆ. ಆದರೆ ಮೊಕದ್ದಮೆ ಹಾಕಿದವರು ಇಲ್ಲೇ ಇರುವವರು. ನಮ್ಮ ಲ್ಯಾಪ್‌ಟಾಪ್ ಜನ ಹೊಗೆಯ ಬಗ್ಗೆ ಮಾತಾಡುವುದೆಲ್ಲ ಯಾವ ಊರಿಗೆ ವಿಮಾನ ಅಗ್ಗ, ಎಲ್ಲಿ ವೈಫೈ ಚೆನ್ನಾಗಿದೆ ಅನ್ನುವುದರ ಸುತ್ತಲೇ. ನಾನೂ ಆ ಮಾತುಗಳಲ್ಲಿ ಕೂತಿದ್ದೇನೆ, ಕೌಲಾಲಂಪುರದ ಟಿಕೆಟ್ ದರ ನನಗೂ ಗೊತ್ತು.

ಗುರುವಾರ ಮತ್ತೆ ಊಟಕ್ಕೆ ಹೋದೆ. ಜನ ಕಮ್ಮಿ ಇದ್ದರು. ನನ್ನ ಮುಂದಿನ ಮೇಜಿನಲ್ಲಿ ಒಬ್ಬ ಕೊರಿಯಾದ ಹುಡುಗಿ. ಪಾ ಅವಳನ್ನೂ ಅದೇ ಧ್ವನಿಯಲ್ಲಿ ಅದನ್ನೇ ಕೇಳಿದರು. ಇನ್ನೂ ಹೋಗಿಲ್ವಾ? ಆ ಹುಡುಗಿ, ಭಾನುವಾರ ಹೋಗ್ತೀನಿ ಅಂದಳು. ಪಾ ಒಳಗೆ ತಿರುಗಿ ತಂಗಿಗೆ ಏನೋ ಕೂಗಿ ಹೇಳಿದರು. ದುಡ್ಡು ಕೊಡುವಾಗ ಕೇಳಿಯೇಬಿಟ್ಟೆ, ಎಲ್ಲರನ್ನೂ ಯಾಕೆ ಕೇಳ್ತೀರಿ ಅಂತ.

"ತೆಂಗಿನಹಾಲು" ಅಂದರು. ದೊಡ್ಡ ಪಾತ್ರೆ, ಸಣ್ಣ ಪಾತ್ರೆ ಎರಡನ್ನೂ ಕೈಯಲ್ಲಿ ತೋರಿಸಿದರು. ಚಳಿಗಾಲದಲ್ಲಿ ಎರಡು ದೊಡ್ಡ ಪಾತ್ರೆ ಸಾರು ಹೋಗುತ್ತದೆ. ಮಾರ್ಚ್ ಬಂದರೆ ಒಂದೇ ಸಾಕು, ಕೆಲವು ದಿನ ಅದೂ ಉಳಿಯುತ್ತದೆ. ತೆಂಗಿನಹಾಲು ಮಾರನೆಯ ದಿನಕ್ಕೆ ಹುಳಿಯಾಗುತ್ತದೆ. ಯಾರು ಇರ್ತಾರೆ, ಯಾರು ಹೋಗ್ತಾರೆ ಅಂತ ಗೊತ್ತಾದರೆ ಬೆಳಗ್ಗೆ ಮಾರುಕಟ್ಟೆಯಲ್ಲಿ ಎಷ್ಟು ತರಬೇಕೋ ತಿಳಿಯುತ್ತದೆ. ಅಷ್ಟೇ.

"ಏಪ್ರಿಲ್?" ಅಂತ ಕೇಳಿದರು.

"ಇರ್ತೀನಿ."

"ಸೋಂಗ್‌ಕ್ರಾನ್‌ಗೆ ನಾನು ಇರಲ್ಲ. ಅಂಗಡಿ ಬಂದ್" ಅಂದರು. ಏಪ್ರಿಲ್ 13ರಿಂದ 15 ಇಲ್ಲಿ ಹೊಸ ವರ್ಷ, ಅವರು ತವರಿಗೆ, ಲಂಪಾಂಗ್ ಕಡೆಗೆ, ಹೋಗುತ್ತಾರಂತೆ.

ಕೋಣೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಹೊಗೆ, ಕೆಮ್ಮು, ಮಾಸ್ಕು ಎಲ್ಲ ಹೇಳಿದೆ. ಅವ್ವ ಬಿಸಿನೀರು ಕುಡಿ, ಅರಿಶಿನ ಹಾಕಿಕೋ ಅಂದಳು. ಅಪ್ಪ ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದವನು ಫೋನು ಇಸಿದುಕೊಂಡ. ಬೆಟ್ಟದ ಹೊಲ, ದಂಟಿನ ಬೆಂಕಿ, ಕೋರ್ಟು, ದಾ ನಾಂಗ್‌ಗೆ ಹೋದವನ ಮಾತು, ವಾರದಿಂದ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಅವನ ಮುಂದೆ ಸುರಿದೆ. ಅಪ್ಪ ಎಲ್ಲವನ್ನೂ ಕೇಳಿದ.

"ಅಲ್ಲೆ ಗ್ವಾವಿನಜ್ವಾಳ ಕ್ವಿಂಟಲಿಗೆ ಏನ್ ರೇಟ್ ಐತಿ?"

"ಗೊತ್ತಿಲ್ಲಪ್ಪ."

"ಇಷ್ಟ್ ದಿನದಿಂದ ಅಲ್ಲೇ ಅದೀ, ಅದನ್ನ ಕೇಳಿಲ್ಲೇನ?" ಅಂದು ಫೋನನ್ನು ಮತ್ತೆ ಅವ್ವನ ಕೈಗೆ ಕೊಟ್ಟ.