ಚೆಂಗ್ಡುವಿನಿಂದ ಶಿಯಾನ್‌ಗೆ ನಿಂತೇ ಹೋದೆ: ಚೀನೀ ಕಲಿಯಲು ಹೊರಟವರಿಗೆ

ಚೀನಾದ ಚೆಂಗ್ಡುವಿನಲ್ಲಿ ನಾಲ್ಕು ವಾರ ಚೀನೀ ಭಾಷೆ ಕಲಿತೆ. ಊಟ ಕೇಳೋದು, ಬೆಲೆ ಕೇಳೋದು ಬಾಯಿಗೆ ಬಂದಿತ್ತು. ಅಕ್ಷರ ಆಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟಿದ್ದೆ. ಅದಕ್ಕೇ ಒಂದು ರಾತ್ರಿ ಪೂರ್ತಿ ರೈಲಿನಲ್ಲಿ ನಿಲ್ಲಬೇಕಾಯಿತು.

ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆ ಅದು. ಶಿಯಾನ್‌ಗೆ ಬುಲೆಟ್ ರೈಲಿನಲ್ಲಿ ಸುಮಾರು ನಾಲ್ಕೇ ಗಂಟೆ, ಆದರೆ ಟಿಕೆಟ್ ಖಾಲಿ. ನಾನಿದ್ದ ಲಾಡ್ಜಿನವನು ಹಳೇ ರೈಲಿಗೆ ಟಿಕೆಟ್ ಮಾಡಿಸಿಕೊಟ್ಟ. ಮೇಲೆ ಕಮಿಷನ್ ಬೇರೆ. ಮೊಬೈಲಿನಲ್ಲಿ ಬೋಗಿ ನಂಬರಿನ ಪಕ್ಕ ಎರಡು ಅಕ್ಷರ ಇದ್ದವು. ಸೀಟಿನದ್ದೇ ಇರಬೇಕು ಅಂದುಕೊಂಡೆ. ಅದು ‘ವೂ ಝುವೋ’. ಸೀಟು ಇಲ್ಲ ಅಂತ ಅರ್ಥ! ಕೂತು ಹೋಗುವ ಮಾಮೂಲಿ ಸೀಟಿಗೂ ಇದಕ್ಕೂ ಒಂದೇ ದರ. ಆತ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಬೋಗಿಯಲ್ಲಿ ಕಾಲಿಡಲು ಜಾಗ ಇಲ್ಲ. ಬಾಗಿಲ ಬಳಿ ಮಡಚುವ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದರು. ದೊಡ್ಡ ಹೆಂಗಸರನ್ನು ಅಲ್ಲಿ ‘ಆಯೀ’ ಅಂತಾರೆ. ಧಾರವಾಡದ ನನಗೆ ಅಜ್ಜಿಯನ್ನೇ ಕರೆದ ಹಾಗಾಯಿತು. ಸ್ವಲ್ಪ ಹೊತ್ತು ಸ್ಟೂಲು ಬಿಟ್ಟುಕೊಟ್ಟರು. ಕಿಟಕಿಯ ಮಂಜಿನ ಮೇಲೆ ಬೆರಳಿನಿಂದ ‘ಝುವೋ’, ಅಂದರೆ ಸೀಟು ಅನ್ನುವ ಅಕ್ಷರ, ಬರೆದು ತೋರಿಸಿದರು. ಮೇಲೊಂದು ಚಪ್ಪರ, ಕೆಳಗೆ ಮಣ್ಣು, ಅದರ ಮೇಲೆ ಇಬ್ಬರು ಮನುಷ್ಯರು. ಕಾಲು ಅಗಲಿಸಿ ನಿಂತ ಹಾಗೆ ಎರಡೇ ಗೆರೆ ಎಳೆದರೆ ಮನುಷ್ಯ, ‘ರೆನ್’. ಇನ್ನು ಜನ್ಮಕ್ಕೂ ಮರೆಯೋದಿಲ್ಲ.

ಆ ರಜೆಯ ವಾರ ಅಲ್ಲಿ ಓಡಾಡಲೇಬೇಡಿ. ಬೇರೆ ದಿನವೂ ಟಿಕೆಟ್ಟಿನಲ್ಲಿ ಸೀಟ್ ನಂಬರು ಅಂಕಿಯಲ್ಲಿ ಇದೆಯಾ ನೋಡಿಯೇ ದುಡ್ಡು ಕೊಡಿ.

ಚೆಂಗ್ಡುವಿನಲ್ಲಿ ಊಟಕ್ಕೆ ವೆನ್ಶು ಬೌದ್ಧ ಮಠದ ಕಡೆ ಹೋಗಿ. ಮೆಟ್ರೋ ಅಲ್ಲೇ ನಿಲ್ಲುತ್ತದೆ. ಪಕ್ಕದ ಗಲ್ಲಿಯ ಸಣ್ಣ ಅಂಗಡಿಯೊಂದರಲ್ಲಿ ‘ಟಿಯೆನ್ ಶ್ವೇ ಮಿಯೆನ್’ ಸಿಗುತ್ತದೆ. ಕಿರುಬೆರಳಷ್ಟು ದಪ್ಪ ನೂಡಲ್ಸ್, ಮೇಲೆ ಸಿಹಿ ಸೋಯಾ ಸಾಸ್, ಖಾರದೆಣ್ಣೆ, ಎಳ್ಳು, ಬೆಳ್ಳುಳ್ಳಿ. ಮೊದಲು ಸಿಹಿ, ಆಮೇಲೆ ಖಾರ, ಕೊನೆಗೆ ನಾಲಿಗೆ ಜುಮ್ಮೆನ್ನುತ್ತದೆ. ಅದು ಹ್ವಾಜಾವ್ ಎಂಬ ಅಲ್ಲಿನ ಮಸಾಲೆಯ ಕೆಲಸ, ನಮ್ಮ ಕರಾವಳಿಯ ಜುಮ್ಮನಕಾಯಿಯ ಕುಲದ್ದೇ. ನಾನು ತೆತ್ತದ್ದು 8 ಯುವಾನ್, ನೂರು ರೂಪಾಯಿ ಹತ್ತಿರ. ನಾಲ್ಕು ವಾರದಲ್ಲಿ ಹನ್ನೊಂದು ಸಲ ಹೋದೆ. ಸಸ್ಯಾಹಾರಿಗಳು ಸುಮ್ನೆ ಮಾಂಸ ಬೇಡ ಅಂದರೆ ಸಾಲದು, ಮಾಂಸದ ಸಾರು ಹಾಕಿಬಿಡಬಹುದು. ‘ವೊ ಚ್ ಸೂ’, ಅಂದರೆ ನಾನು ಸಸ್ಯಾಹಾರಿ, ಅನ್ನಿ. ‘ಸೂ’ ಮೇಲಿನಿಂದ ಕೆಳಕ್ಕೆ ಬೀಳುವ ಸ್ವರದಲ್ಲಿ ಬರಬೇಕು.

ಶಿಯಾನ್‌ನಲ್ಲಿ ಹಳೇ ಚಕ್ರವರ್ತಿಯ ಸಮಾಧಿಯ ಮಣ್ಣಿನ ಸೈನಿಕರನ್ನು ನೋಡಲಿಲ್ಲ, ಆ ನೂಕುನುಗ್ಗಲು ನನ್ನಿಂದಾಗದು. ಬದಲಿಗೆ ಬೇಲಿನ್ ಎಂಬ ಶಾಸನಗಳ ಮ್ಯೂಸಿಯಂಗೆ ಹೋಗಿ. 837ರಲ್ಲಿ ಕೆತ್ತಿ ಮುಗಿಸಿದ ಚೀನಾದ 12 ಪ್ರಾಚೀನ ಗ್ರಂಥಗಳು ಅಲ್ಲಿ 114 ಕಲ್ಲುಗಳ ಮೇಲಿವೆ. ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ನಿಂತೆ. ಓದಲು ಬಂದದ್ದು ಒಂದೇ ಅಕ್ಷರ, ರೆನ್. ಅದನ್ನು ಎಣಿಸುತ್ತಾ ಹೋದೆ.